ತೋಳದ ಪಾಲು, ಬೇಟೆಗಾರನ ಪಾಲು

ಇದು ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗ, ಈಲಿ ಅನ್ನುವ ಊರಿನ ಹತ್ತಿರದ ಕಾಡು. ನವೆಂಬರ್ ತಿಂಗಳು, ಜಿಂಕೆ ಬೇಟೆಯ ಸೀಸನ್. ಪೆಟ್ರೋಲ್ ಬಂಕ್, ಹೋಟೆಲ್, ಎಲ್ಲಿ ನೋಡಿದರೂ ಕಿತ್ತಳೆ ಜಾಕೆಟ್ ಹಾಕಿದವರೇ. ನಮ್ಮ ಕಡೆ ಜಿಂಕೆ ಹೊಡೆದರೆ ಜೈಲು. ಇಲ್ಲಿ ಲೈಸೆನ್ಸ್ ತೆಗೆದುಕೊಂಡು ಹೊಡೆಯಬಹುದು. ಎಷ್ಟೋ ಮನೆಗಳ ಫ್ರೀಜರ್‌ನಲ್ಲಿ ಚಳಿಗಾಲಕ್ಕೆ ಇರುವುದು ಇದೇ ಮಾಂಸ.

ಇದೇ ಕಾಡಿನಲ್ಲಿ ತೋಳವೂ ಜಿಂಕೆಯನ್ನೇ ನಂಬಿಕೊಂಡು ಬದುಕುತ್ತದೆ. ಅಲಾಸ್ಕ ಬಿಟ್ಟರೆ ಅಮೆರಿಕದಲ್ಲಿ ತೋಳಗಳು ಅತಿ ಹೆಚ್ಚು ಇರುವುದು ಈ ರಾಜ್ಯದಲ್ಲಿ. ಹತ್ತಿರ ಹತ್ತಿರ 3,000. ಹಾಗಾಗಿ ಪ್ರತಿ ವರ್ಷ ಒಂದು ಮಾತು ಕೇಳಿಬರುತ್ತದೆ: "ಬೆಳಗಿಂದ ಸಂಜೆತನಕ ಬೇಟೆಗೆ ಕಾಯುವ ಅಟ್ಟಣೆ, ಅಂದರೆ ಸ್ಟ್ಯಾಂಡ್ ಮೇಲೆ ಕೂತೆ, ಒಂದು ಜಿಂಕೆಯೂ ಬರಲಿಲ್ಲ. ತೋಳ ಎಲ್ಲವನ್ನೂ ತಿಂದುಬಿಟ್ಟಿದೆ."

ಈ ದೂರನ್ನು ಸುಮ್ನೆ ತಳ್ಳಿಹಾಕಬಾರದು. ಒಂದು ತೋಳ ವರ್ಷಕ್ಕೆ ಸುಮಾರು 15ರಿಂದ 20 ಜಿಂಕೆಗಳಷ್ಟು ಮಾಂಸ ತಿನ್ನುತ್ತದೆ. ಲೆಕ್ಕ ಹಾಕಿದರೆ ರಾಜ್ಯದಲ್ಲಿ 50,000 ಜಿಂಕೆಗಳ ಆಸುಪಾಸು. ಬೇಟೆಗಾರರು 2023ರಲ್ಲಿ ಹೊಡೆದದ್ದು ಸುಮಾರು 1,58,000. ಆದರೆ ಆ ಜಿಂಕೆಗಳಲ್ಲಿ ಬಹಳಷ್ಟು ಸಿಕ್ಕಿದ್ದು ತೋಳಗಳು ಇಲ್ಲದ ಅಥವಾ ಕಡಿಮೆ ಇರುವ ಮಧ್ಯ ಮತ್ತು ದಕ್ಷಿಣ ಭಾಗದ ಹೊಲಗದ್ದೆಗಳ ಕಡೆ. ಉತ್ತರದ ಕಾಡಿನವರಿಗೆ ತೋಳದ ಪಾಲು ಕಣ್ಣಿಗೆ ಕಾಣುತ್ತದೆ.

ಈಗ ಇನ್ನೊಂದು ವರ್ಷ ನೋಡಿ. 2003. ಮಿನ್ನೆಸೋಟದಲ್ಲಿ ಬೇಟೆಗಾರರಿಗೆ ಅತಿ ಜಾಸ್ತಿ ಜಿಂಕೆ ಸಿಕ್ಕಿದ್ದು ಆ ವರ್ಷ, ಸುಮಾರು 2,90,000. ಆಗ ತೋಳಗಳು ಕಡಿಮೆ ಇದ್ದವಾ? ಇಲ್ಲ. ಆ ಚಳಿಗಾಲದ ಅಂದಾಜಿನಲ್ಲೂ ಅವು 3,000ದಷ್ಟೇ ಇದ್ದವು. ಅದಕ್ಕೂ ಮೊದಲು, 1995–96 ಮತ್ತು 1996–97ರ ಎರಡು ಕೆಟ್ಟ ಚಳಿಗಾಲಗಳಲ್ಲಿ ಜಿಂಕೆಗಳು ರಾಶಿ ರಾಶಿ ಸತ್ತಿದ್ದವು. ಆಮೇಲೆ ಚಳಿ ಹಗುರಾಯಿತು. ತೋಳಗಳು ಹೆಚ್ಚುತ್ತಿದ್ದರೂ ಜಿಂಕೆಗಳು ಮತ್ತೆ ತುಂಬಿಕೊಂಡವು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು.

ಅಂದರೆ ಇಲ್ಲಿ ಮೊದಲ ಮಾತು ಹಿಮದ್ದು. ಅರಣ್ಯ ಮತ್ತು ವನ್ಯಜೀವಿಗಳನ್ನು ನೋಡಿಕೊಳ್ಳುವ ಇಲಾಖೆ ಅದಕ್ಕೊಂದು ಲೆಕ್ಕ ಇಟ್ಟಿದೆ. ನೆಲದ ಮೇಲೆ 15 ಇಂಚು ಅಥವಾ ಅದಕ್ಕಿಂತ ಹೆಚ್ಚು ಹಿಮ ಇದ್ದ ದಿನಕ್ಕೆ ಒಂದು ಅಂಕ. ಮೈನಸ್ 18 ಡಿಗ್ರಿಗೆ ಇಳಿದ ದಿನಕ್ಕೆ ಇನ್ನೊಂದು. ಚಳಿಗಾಲ ಮುಗಿಯುವಾಗ 100ರೊಳಗೆ ಇದ್ದರೆ ಜಿಂಕೆಗಳಿಗೆ ತೊಂದರೆ ಇಲ್ಲ. 180 ದಾಟಿತೋ, ಕಷ್ಟ.

ಯಾಕೆ ಕಷ್ಟ ಅಂತ ತಿಳಿಯಬೇಕಾದರೆ ಕಾಲು ನೋಡಬೇಕು. ಜಿಂಕೆಯ ಗೊರಸು ಚೂಪು. ಆಳದ ಹಿಮದಲ್ಲಿ ಎದೆಮಟ್ಟ ಹೂತುಹೋಗುತ್ತದೆ. ತೋಳದ ಪಾದ ಅಗಲ, ಬೆರಳುಗಳು ಹರಡಿಕೊಳ್ಳುತ್ತವೆ. ಹಿಮದ ಮೇಲ್ಪದರ ಗಟ್ಟಿಯಾಗಿದ್ದರೆ ಅದು ಮೇಲೆಯೇ ಓಡುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಜಿಂಕೆಯ ಮೈಯಲ್ಲಿ ಕೊಬ್ಬೂ ಉಳಿದಿರುವುದಿಲ್ಲ. ತೋಳ ಬಿಟ್ಟುಹೋದ ಜಿಂಕೆಯ ತೊಡೆಮೂಳೆ ಒಡೆದು ನೋಡಿದರೆ ಗೊತ್ತಾಗುತ್ತದೆ. ಚೆನ್ನಾಗಿ ತಿಂದುಂಡ ಪ್ರಾಣಿಯ ಮಜ್ಜೆ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಹಸಿದು ಸೊರಗಿದ್ದರೆ ಕೆಂಪಗೆ, ಲೋಳೆಯಂತೆ ಇರುತ್ತದೆ. ಮೂಳೆಯೊಳಗಿನ ಕೊಬ್ಬು ಕರಗುವುದು ಎಲ್ಲಕ್ಕಿಂತ ಕೊನೆಗೆ. ಅಂಥ ಜಿಂಕೆ ತೋಳ ಬರದಿದ್ದರೂ ಬದುಕುವುದು ಅನುಮಾನ.

ಡೇವಿಡ್ ಮೀಚ್ ಅನ್ನುವ ವಿಜ್ಞಾನಿ ಈಲಿ ಸುತ್ತಲಿನ ಇದೇ ಸುಪೀರಿಯರ್ ಕಾಡಿನಲ್ಲಿ 1960ರ ದಶಕದಿಂದ ತೋಳಗಳ ಹಿಂದೆ ಬಿದ್ದವರು. ಅವರು ತೋಳ ಕೊಂದ ಜಿಂಕೆಗಳನ್ನೂ ಬೇಟೆಗಾರರು ಹೊಡೆದ ಜಿಂಕೆಗಳನ್ನೂ ಹೋಲಿಸಿದರು. ತೋಳಕ್ಕೆ ಸಿಕ್ಕವು ವಯಸ್ಸಾದವು, ದವಡೆ ಅಥವಾ ಕಾಲಿನಲ್ಲಿ ಊನ ಇದ್ದವು ಹೆಚ್ಚು. ಬಂದೂಕಿಗೆ ಸಿಕ್ಕವು ಹರೆಯದವು. ಇಬ್ಬರೂ ಒಂದೇ ತಟ್ಟೆಗೆ ಕೈ ಹಾಕುತ್ತಿದ್ದಾರೆ ಅಂದುಕೊಳ್ಳುತ್ತೇವಲ್ಲ, ಅದು ಪೂರ್ತಿ ನಿಜ ಅಲ್ಲ. ಮರಿಗಳ ವಿಷಯ ಬೇರೆ. ಬೇಸಿಗೆಯಲ್ಲಿ ಜಿಂಕೆಮರಿಗಳನ್ನು ತೋಳವೂ ಹಿಡಿಯುತ್ತದೆ, ಕರಡಿಯೂ ಹಿಡಿಯುತ್ತದೆ.

ಮೀಚ್ ಕಂಡ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ಒಂದು ತೋಳದ ಗುಂಪಿಗೂ ಪಕ್ಕದ ಗುಂಪಿಗೂ ನಡುವೆ ಒಂದು ಗಡಿಪಟ್ಟಿ ಇರುತ್ತದೆ. ಜಗಳವಾದೀತು ಅಂತ ಎರಡೂ ಗುಂಪು ಅಲ್ಲಿ ಜಾಸ್ತಿ ಸುಳಿಯುವುದಿಲ್ಲ. ಕೆಟ್ಟ ವರ್ಷಗಳಲ್ಲಿ ಜಿಂಕೆಗಳು ಉಳಿದುಕೊಂಡದ್ದು ಹೆಚ್ಚಾಗಿ ಅಂಥ ಜಾಗಗಳಲ್ಲೇ. ನಿಮ್ಮ ಸ್ಟ್ಯಾಂಡ್ ಮುಂದೆ ಜಿಂಕೆ ಬರಲಿಲ್ಲ ಅಂದ ಮಾತ್ರಕ್ಕೆ ಇಡೀ ಕಾಡೇ ಖಾಲಿ ಅಂತಲ್ಲ.

ಹಾಗಂತ ತೋಳದಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಸಾಲಾಗಿ ಎರಡು ಚಳಿಗಾಲ ಕೆಟ್ಟರೆ, ಉಳಿದ ಕೆಲವೇ ಜಿಂಕೆಗಳ ಮೇಲೆ ಅದೇ ಹಸಿದ ತೋಳಗಳು ಬೀಳುತ್ತವೆ. ಜಿಂಕೆ ಸಂಖ್ಯೆ ಮೇಲೇಳುವುದು ನಿಧಾನವಾಗುತ್ತದೆ. ಆಗ ಬೇಟೆಗಾರರ ಸಿಟ್ಟು ನ್ಯಾಯವೇ. ಆದರೆ ಆ ಹೊತ್ತಿಗೆ ಕೈಯಲ್ಲಿ ಇರುವ ಉಪಾಯ ಹೆಣ್ಣು ಜಿಂಕೆಗಳನ್ನು ಉಳಿಸುವುದು. ಚೆನ್ನಾಗಿ ಮೇವು ಸಿಕ್ಕ ಹೆಣ್ಣು ವರ್ಷಕ್ಕೆ ಅವಳಿ ಮರಿ ಹಾಕುತ್ತದೆ. ಅದಕ್ಕೇ ಕೆಟ್ಟ ಚಳಿಗಾಲದ ನಂತರ ಉತ್ತರದ ಎಷ್ಟೋ ಕಡೆ ಗಂಡು ಜಿಂಕೆಯನ್ನು ಮಾತ್ರ ಹೊಡೆಯಲು ಬಿಡುತ್ತಾರೆ. ಇದರ ಜೊತೆಗೆ, ಹಿಮ ಬಿದ್ದಾಗ ಜಿಂಕೆಗಳು ಒತ್ತಾಗಿ ಸೇರುವ ಸೀಡರ್ ಮರಗಳ ತೋಪುಗಳನ್ನು ಕಡಿಯದೆ ಬಿಡಬೇಕು. ತೋಳ ಹೊಡೆಯಲು ಪರ್ಮಿಟ್ ಕೊಡಿ ಅಂತ ಕೂಗುವ ಮೊದಲು ಈ ಎರಡು ಕೆಲಸ ನೆಟ್ಟಗೆ ಆಗಲಿ ಅನ್ನುವುದು ನನ್ನ ವಾದ.