ಪಿ16 ಪಾಸಿಟಿವ್: ಗಡ್ಡೆ ಎಲ್ಲಿದೆ ಅನ್ನುವುದು ಮೊದಲು

[ಪರದೆಯಲ್ಲಿ: ಬಯಾಪ್ಸಿ ರಿಪೋರ್ಟಿನ ಒಂದು ಸಾಲು, ‘ಪಿ16: ಪಾಸಿಟಿವ್’]

ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ವೀಕ್ಷಕರು ಕೇಳುವ ಪ್ರಶ್ನೆ ಇದು: “ರಿಪೋರ್ಟಿನಲ್ಲಿ ಪಿ16 ಪಾಸಿಟಿವ್ ಅಂತ ಉಂಟು. ಹೆದರಬೇಕಾ, ಸಮಾಧಾನ ಪಡಬೇಕಾ?” ಕ್ಯಾನ್ಸರ್ ಗಡ್ಡೆ ಟಾನ್ಸಿಲ್ ಅಥವಾ ನಾಲಗೆಯ ಬುಡದಲ್ಲಿದ್ದರೆ ಒಂದು ಉತ್ತರ, ಕೆನ್ನೆಯ ಒಳಗಿದ್ದರೆ ಬೇರೆಯೇ ಉತ್ತರ.

ಪಿ16 ಒಂದು ಬಯೋಮಾರ್ಕರ್, ಅಂದರೆ ಗಡ್ಡೆಯ ಗುಣ ತಿಳಿಸುವ ಗುರುತು. ಅಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ಪಿ16 ಜೀವಕೋಶದ ವಿಭಜನೆಯನ್ನು ತಡೆಯುವ ಪ್ರೋಟೀನು. ತಡೆಯುವ ಪ್ರೋಟೀನೇ ತುಂಬಿಕೊಂಡಿರುವಾಗ ಕ್ಯಾನ್ಸರ್ ಬೆಳೆದದ್ದು ಹೇಗೆ? ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟದ ಭಾಗ ಇದು.

[ಪರದೆಯಲ್ಲಿ: ಘಾಟಿ ರಸ್ತೆಯ ತಿರುವು, ಬಸ್ಸಿನ ರೇಖಾಚಿತ್ರ]

ಆಗುಂಬೆ ಘಾಟಿ ಇಳಿಯುವ ಬಸ್ಸೊಂದನ್ನು ಊಹಿಸಿ. ಬ್ರೇಕ್ ಪೆಡಲಿನಿಂದ ಚಕ್ರಕ್ಕೆ ಹೋಗುವ ಪೈಪು ತುಂಡಾಗಿದೆ. ಡ್ರೈವರ್ ಪೆಡಲನ್ನು ತಳಮುಟ್ಟ ತುಳಿದಿದ್ದಾನೆ, ಬಸ್ಸು ಮಾತ್ರ ನಿಲ್ಲುತ್ತಿಲ್ಲ. ಪೆಡಲು ಪಿ16. ಪೈಪು ಆರ್‌ಬಿ ಎಂಬ ಇನ್ನೊಂದು ಪ್ರೋಟೀನು. ಅದನ್ನು ತುಂಡರಿಸಿದ್ದು ಇ7, ಅಂದರೆ ಗಂಟಲಿನ ಕೆಲವು ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಒಂದು ಪ್ರೋಟೀನು. ಆರ್‌ಬಿ ಸರಿಯಿದ್ದಷ್ಟು ಕಾಲ ಪಿ16 ಹದ್ದುಬಸ್ತಿನಲ್ಲಿರುತ್ತದೆ. ಆರ್‌ಬಿ ಹೋದಮೇಲೆ ಪಿ16 ಏರುತ್ತಲೇ ಹೋಗುತ್ತದೆ. ಮೈಕ್ರೋಸ್ಕೋಪಿನಡಿ ಕಂದಾಗಿ ಕಾಣುವುದು ವೈರಸ್ಸಲ್ಲ, ವ್ಯರ್ಥವಾಗಿ ತುಳಿದ ಆ ಪೆಡಲು.

ಗಡ್ಡೆ ಟಾನ್ಸಿಲ್ ಅಥವಾ ನಾಲಗೆಯ ಬುಡದಲ್ಲಿದ್ದರೆ ಪಿ16 ಪಾಸಿಟಿವ್ ಒಳ್ಳೆಯ ಲಕ್ಷಣ. ಅದು ಹೇಗೆ? ಹೊಗೆಸೊಪ್ಪಿನಿಂದ ಬಂದ ಗಡ್ಡೆಗಳಲ್ಲಿ ಹೆಚ್ಚಾಗಿ ಪಿ53ರ, ಅಂದರೆ ಕೆಟ್ಟ ಕೋಶ ಬೆಳೆಯದಂತೆ ಕಾಯುವ ಇನ್ನೊಂದು ಪ್ರೋಟೀನಿನ, ಜೀನೇ ಕೆಟ್ಟಿರುತ್ತದೆ. ಎಚ್‌ಪಿವಿ ಗಡ್ಡೆಯಲ್ಲಿ ಜೀನು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ವೈರಸ್ಸು ಅದರ ಪ್ರೋಟೀನನ್ನು ನಾಶ ಮಾಡುತ್ತಿರುತ್ತದೆ. ಇಂಥ ಗಡ್ಡೆ ರೇಡಿಯೇಶನ್ನಿಗೆ ಬೇಗ ಬಗ್ಗುವುದಕ್ಕೆ ಇದೂ ಒಂದು ಕಾರಣ. ಟಾನ್ಸಿಲ್ ಭಾಗದ ಕ್ಯಾನ್ಸರಿನ ಬಗ್ಗೆ 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 3 ವರ್ಷ ಬದುಕುಳಿದವರು ಎಚ್‌ಪಿವಿ ಇದ್ದವರಲ್ಲಿ 82.4%, ಇಲ್ಲದವರಲ್ಲಿ 57.1%. ಆದರೆ ದಿನಕ್ಕೆ 20 ಸಿಗರೇಟಿನಂತೆ 10 ವರ್ಷಕ್ಕಿಂತ ಹೆಚ್ಚು ಸೇದಿದವರಲ್ಲಿ ಈ ಲಾಭ ಕುಗ್ಗಿತ್ತು.

ಪಾಸಿಟಿವ್ ಅನ್ನಲು ಕನಿಷ್ಠ 70% ಕ್ಯಾನ್ಸರ್ ಕೋಶಗಳಲ್ಲಿ, ನ್ಯೂಕ್ಲಿಯಸ್ಸಿನಲ್ಲೂ ಅದರ ಸುತ್ತಲೂ ಬಣ್ಣ ಗಾಢವಾಗಿ ಹಿಡಿದಿರಬೇಕು. ಎಡವಟ್ಟಾಗುವುದು ಬಹಳ ಸಲ ಲ್ಯಾಬಿಗೆ ಬರುವ ಮೊದಲೇ. ಬಂಟ್ವಾಳದಲ್ಲೋ ಕುಂದಾಪುರದಲ್ಲೋ ತೆಗೆದ ತುಣುಕು ಸಲೈನಿನಲ್ಲಿ ತೇಲುತ್ತ ಬಂದರೆ ದಾರಿಯಲ್ಲೇ ಕೊಳೆಯತೊಡಗುತ್ತದೆ. 10% ಬಫರ್ಡ್ ಫಾರ್ಮಲಿನ್ ಬೇಕು, ತುಣುಕಿನ ಗಾತ್ರದ ಹತ್ತು ಪಟ್ಟು, 6ರಿಂದ 72 ಗಂಟೆ. ಮೂಳೆ ಸೇರಿದ ತುಣುಕನ್ನು ಮೆದುಮಾಡಲು ಆಸಿಡ್ಡಿನಲ್ಲಿ ಇಟ್ಟರೆ ಬಣ್ಣ ಮಂಕಾಗಿ, ಪಾಸಿಟಿವ್ ಕೂಡ ನೆಗೆಟಿವ್ ಆಗಿ ಕಾಣಬಹುದು.

ಎಲ್ಲ ಸರಿಯಾದರೂ ಸುಮಾರು 9% ಜನರಲ್ಲಿ ಪಿ16 ಒಂದು ಹೇಳಿದರೆ ಎಚ್‌ಪಿವಿ ಪರೀಕ್ಷೆ ಇನ್ನೊಂದು ಹೇಳುತ್ತದೆ. 7,654 ರೋಗಿಗಳ ಮಾಹಿತಿ ಕಲೆಹಾಕಿದ 2023ರ ವಿಶ್ಲೇಷಣೆಯಲ್ಲಿ ಕಂಡದ್ದು ಇದು. ಎರಡೂ ಪಾಸಿಟಿವ್ ಆದವರಷ್ಟು ಚೆನ್ನಾಗಿ ಇವರು ಚೇತರಿಸಿಕೊಳ್ಳುವುದಿಲ್ಲ. ಅದಕ್ಕೇ ಹೊಗೆಸೊಪ್ಪು ಹೆಚ್ಚಿರುವ ನಮ್ಮಲ್ಲಿ ಎರಡನೆಯ ಪರೀಕ್ಷೆ ದುಂದುವೆಚ್ಚವಲ್ಲ ಅಂತ ನನ್ನ ಖಚಿತ ಅಭಿಪ್ರಾಯ.

ಈಗ ಕೆನ್ನೆಗೆ ಬರೋಣ. ಎಲೆಅಡಿಕೆ, ಹೊಗೆಸೊಪ್ಪು ಇಟ್ಟ ಜಾಗದ ಕ್ಯಾನ್ಸರಿನಲ್ಲಿ ಎಚ್‌ಪಿವಿಯ ಪಾತ್ರ ಕಡಿಮೆ, ಪಿ16ರಿಂದ ತಿಳಿಯುವುದೂ ಕಡಿಮೆ. ಪುತ್ತೂರು, ಸುಳ್ಯದ ತೋಟದವರಿಗೆ ಕೇಳಲು ಕಷ್ಟವಾದರೂ ಹೇಳಲೇಬೇಕು: ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಆಪರೇಶನ್ನಿನ ನಂತರದ ರಿಪೋರ್ಟಿನಲ್ಲಿ ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ನೋಡಿ, 5 ಮಿ.ಮೀ., 10 ಮಿ.ಮೀ. ದಾಟಿದಂತೆ ಹಂತ ಏರುತ್ತದೆ. ಕುತ್ತಿಗೆಯ ಗ್ರಂಥಿಯ ಕವಚ ಒಡೆದು ಕ್ಯಾನ್ಸರ್ ಹೊರಬಂದಿದ್ದರೆ ಅಪಾಯ ಇನ್ನೂ ಹೆಚ್ಚು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಬೇಗ. ಪಿ16 ಪಾಸಿಟಿವ್ ಅಂತ ಚಿಕಿತ್ಸೆ ಕಡಿಮೆ ಮಾಡಿಸಲು ಹೋಗಬೇಡಿ: ರೇಡಿಯೇಶನ್ನಿನ ಜೊತೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧದ ಬದಲು ಸೆಟುಕ್ಸಿಮ್ಯಾಬ್ ಎಂಬ ಔಷಧ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳಲ್ಲಿ ಬದುಕುಳಿದವರು ಕಡಿಮೆಯಾದರು. ಪಿಡಿ-ಎಲ್1 ಅಂದರೆ ಕ್ಯಾನ್ಸರ್ ಕೋಶ ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳಲು ಬಳಸುವ ಪ್ರೋಟೀನು. ಅದು ಎಷ್ಟಿದೆ ಎಂದು ತಿಳಿಸುವ ಸಿಪಿಎಸ್ ಅಂಕ ಮುಖ್ಯವಾಗಿ ಬೇಕಾಗುವುದು ಕ್ಯಾನ್ಸರ್ ಮರಳಿದಾಗ ಅಥವಾ ಹರಡಿದಾಗ, ಇಮ್ಯುನೋಥೆರಪಿ, ಅಂದರೆ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಚಿಕಿತ್ಸೆ, ಕೊಡುವ ನಿರ್ಧಾರಕ್ಕೆ. 1 ಮತ್ತು 20 ಅದರ ಗಡಿಗಳು. ಎಣಿಕೆಗೆ ಜೀವಂತ ಕ್ಯಾನ್ಸರ್ ಕೋಶಗಳು ಕನಿಷ್ಠ 100 ಬೇಕು. ಹಾಗಾಗಿ ಆಸ್ಪತ್ರೆ ಬದಲಾಯಿಸುವಾಗ ರಿಪೋರ್ಟು ಮಾತ್ರ ಹಿಡಿದುಕೊಂಡು ಹೋಗಬೇಡಿ, ಲ್ಯಾಬಿನಿಂದ ಸ್ಲೈಡುಗಳ ಜೊತೆ, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಬಿಸಿಲಿಗೆ ಇಟ್ಟ ಕಾರಿನಲ್ಲಿ ಬಿಟ್ಟುಹೋಗಬೇಡಿ, ಮೇಣ ಮೆತ್ತಗಾಗುತ್ತದೆ.