ಬೂದು ಬಣ್ಣ ಬಳಿದ ಮಾತ್ರಕ್ಕೆ ಯಾಟ್ ಯುದ್ಧನೌಕೆ ಆಗಲ್ಲ

ಯುದ್ಧಕ್ಕೆ ಇಳಿದ ಯಾಟ್, ಅಂದರೆ ಮೋಜಿನ ಹಡಗು, ಒಂದು ಇವತ್ತು ತುಕ್ಕು ಹಿಡಿದು ಇರೋದು ಅಮೆರಿಕದ ಕೆಂಟಕಿಯಲ್ಲಿ, ಓಹಿಯೋ ನದಿ ಸೇರೋ ಒಂದು ಹಳ್ಳದ ಕೆಸರಲ್ಲಿ. 1902ರಲ್ಲಿ ವಿಲ್ಮಿಂಗ್ಟನ್‌ನ ಪ್ಯೂಸಿ ಅಂಡ್ ಜೋನ್ಸ್ ಕಟ್ಟಿದ 186 ಅಡಿ ಉದ್ದದ ಸಿರಿವಂತರ ಉಗಿ ಯಾಟ್ ಇದು. ಆಗಿನ ಹೆಸರು 'ಸೆಲ್ಟ್'. 1917ರಲ್ಲಿ 'ಸೇಚಮ್' ಆಗಿ ನೌಕಾಪಡೆ ಸೇರ್ತು. ಥಾಮಸ್ ಎಡಿಸನ್ ಯುದ್ಧಕಾಲದ ಪ್ರಯೋಗಗಳನ್ನ ಮಾಡಿದ್ದು ಇದರಲ್ಲೇ. 1942ರಲ್ಲಿ 'ಫೆನಕೈಟ್' ಅನ್ನೋ ಹೆಸರಲ್ಲಿ ಮತ್ತೆ ಗಸ್ತಿಗೆ ಇಳೀತು.

ಇಂಥ ಹಡಗಿನ ಡೆಕ್, ಅಂದರೆ ಮೇಲಿನ ಹಲಗೆ ನೆಲ, ಜನ ಓಡಾಡೋಕೆ ಮಾಡಿದ್ದು. ಅದರ ಮೇಲೆ 3 ಇಂಚಿನ ಫಿರಂಗಿ ಕೂರಿಸಿದರೆ, ಪೀಠ ಸೇರಿ ಸುಮಾರು 3 ಟನ್ ಭಾರ. ಗುಂಡು ಹಾರಿದಾಗಿನ ಒದೆತ ಬೇರೆ. ಅದಕ್ಕೇ ಡೆಕ್ ಕೆಳಗೆ ಉಕ್ಕಿನ ತಗಡು ಜೋಡಿಸಿ, ಕಂಬ ಕೊಟ್ಟು, ಭಾರವನ್ನ ಹಡಗಿನ ಪಕ್ಕೆಲುಬಿನವರೆಗೂ ಇಳಿಸಬೇಕು. ಇದನ್ನ ಬಿಟ್ಟರೆ ಹಲಗೆಯ ಸಂದುಗಳು ಬಾಯಿ ಬಿಡ್ತವೆ, ಕೆಳಗಿನ ಕೋಣೆಗಳು ಸೋರ್ತವೆ.

ನಿಜವಾದ ತಲೆನೋವು ಮೇಲ್ಭಾರ, ಅಂದರೆ ಹಡಗಿನ ಮೇಲ್ಭಾಗದಲ್ಲಿ ತೂಕ ಹೆಚ್ಚೋದು. ಒಂದು ಕಡೆ ವಾಲಿ, ಮೆಲ್ಲಗೆ ತೊಟ್ಟಿಲಿನ ಹಾಗೆ ಮರಳೋ ಹಡಗು ಆರಾಮ ಅನ್ಸುತ್ತೆ. ಆದರೆ ಸ್ಥಿರತೆ ಕಡಿಮೆ ಆಗಿರೋದರ ಲಕ್ಷಣವೇ ಅದು. ಸ್ಥಿರತೆ ಅಳೆಯೋಕೆ, ಎಷ್ಟು ಅಂತ ಗೊತ್ತಿರೋ ತೂಕವನ್ನ ಡೆಕ್‌ನ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸಿ, ಉದ್ದನೆ ತೂಗುಗುಂಡು ಎಷ್ಟು ಪಕ್ಕಕ್ಕೆ ಹೋಯ್ತು ಅಂತ ನೋಡ್ತಾರೆ. ಸ್ಥಿರತೆ ಸಾಲದು ಅಂದರೆ ಮೇಲಿನ ಭಾರ ಕಿತ್ತು ತಳದಲ್ಲಿ ತೂಕ ತುಂಬೋದು. 1931ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಕಟ್ಟಿದ, ಮುಂದೆ 'ಸೀ ಕ್ಲೌಡ್' ಅಂತ ಹೆಸರಾದ ಯಾಟ್‌ಗೆ ನಾಲ್ಕು ಕಂಬದ ಹಾಯಿ ಇತ್ತು. ಎರಡನೇ ಮಹಾಯುದ್ಧಕ್ಕೆ ಕಂಬಗಳನ್ನೇ ಇಳಿಸಿಬಿಟ್ಟರು.

ಇನ್ನು ಡೆಪ್ತ್ ಚಾರ್ಜ್, ಅಂದರೆ ಜಲಾಂತರ್ಗಾಮಿ ಹೊಡೆಯೋಕೆ ನೀರಿಗೆ ಬೀಳಿಸೋ, ಗೊತ್ತು ಮಾಡಿದ ಆಳದಲ್ಲಿ ಸಿಡಿಯೋ ಬಾಂಬು. ಅಮೆರಿಕದ ಮಾರ್ಕ್ 6 ಒಂದೊಂದೂ ಸುಮಾರು 190 ಕೆ.ಜಿ., ಅದರಲ್ಲಿ 136 ಕೆ.ಜಿ. ಟಿಎನ್‌ಟಿ ಸಿಡಿಮದ್ದು. ಹತ್ತು ಇಟ್ಟರೆ ಯಾಟ್‌ನ ಸಪೂರ ಹಿಂಭಾಗದ ಮೇಲೆ ಹತ್ತಿರ ಹತ್ತಿರ 2 ಟನ್. ಸರಿಯಾಗಿ ಲೆಕ್ಕ ಹಾಕಿ ನೋಡಿ: ಅದು ಸೆಕೆಂಡಿಗೆ ಸುಮಾರು 2.4 ಮೀಟರ್ ಮುಳುಗುತ್ತೆ, 15 ಮೀಟರ್ ಆಳ ಮುಟ್ಟಿ ಸಿಡಿಯೋಕೆ ಸುಮಾರು 6 ಸೆಕೆಂಡ್. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ವೇಗದ ಹಡಗು ಅಷ್ಟರಲ್ಲಿ ಸುಮಾರು 62 ಮೀಟರ್ ದಾಟಿರುತ್ತೆ; 12 ನಾಟ್‌ನ ಯಾಟ್ ಬರೀ 37. ಅಷ್ಟು ಹತ್ತಿರದ ಸ್ಫೋಟದ ಹೊಡೆತಕ್ಕೆ ಯಾಟ್‌ನದೇ ಎರಕದ ಕಬ್ಬಿಣದ ಕವಾಟಗಳು ಬಿರುಕು ಬಿಡ್ತವೆ, ಪೈಪಿನ ಕೀಲುಗಳು ಸಡಿಲ ಆಗ್ತವೆ. ಸ್ಫೋಟದ ಆಳವನ್ನ 30 ಮೀಟರ್‌ಗೆ ತಿರುಗಿಸಿದರೆ ಯಾಟ್ ಬಚಾವ್. ಮೇಲ್ಮಟ್ಟದಲ್ಲೇ ಇರೋ ಜಲಾಂತರ್ಗಾಮಿಯೂ ಬಚಾವ್.