ಗ್ರಿಮ್ಸ್‌ಪೌಂಡ್‌ನ ಕಲ್ಲುಮನೆಗಳು

ಕೇಳುಗ ಮಿತ್ರರಿಗೆ ನಮಸ್ಕಾರ.

ಇಂಗ್ಲೆಂಡಿನ ನೈಋತ್ಯದ ಡೆವನ್ ಸೀಮೆಯಲ್ಲಿ ಡಾರ್ಟ್‌ಮೂರ್ ಎಂಬ ಗುಡ್ಡನಾಡಿದೆ. ಮರ ವಿರಳ, ಗಾಳಿ ಮಳೆ ಹೆಚ್ಚು. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ, ಎರಡು ಗುಡ್ಡಗಳ ನಡುವೆ, ದುಂಡನೆಯ ಕಲ್ಲಿನ ಪೌಳಿಯೊಂದಿದೆ. ಹೆಸರು ಗ್ರಿಮ್ಸ್‌ಪೌಂಡ್. ಒಳಗೆ 24 ಮನೆಗಳ ತಳಗೋಡೆಗಳು. ಕಂಚಿನ ಯುಗದವು, ಅಂದರೆ ಮೂರು ಸಾವಿರ ವರ್ಷಕ್ಕೂ ಹಳೆಯವು.

ಪೌಳಿಯ ದಪ್ಪ ಗೋಡೆ ನೋಡಿದರೆ ಕೋಟೆ ಇದ್ದೀತು ಅನ್ನಿಸುತ್ತದೆ. ನಾನು ಒಪ್ಪುವುದಿಲ್ಲ. ಚಪ್ಪಡಿ ಹಾಸಿದ ಹೆಬ್ಬಾಗಿಲು ಗುಡ್ಡದ ಏರಿನ ಕಡೆಗೇ ತೆರೆದಿದೆ. ಮೇಲಿನಿಂದ ಬಂದ ಶತ್ರು ಸಲೀಸಾಗಿ ಒಳಗಿಳಿದಾನು! ಗುಡ್ಡದ ಮೇಲೆ ಮೇಯಲು ಹೋದ ದನಕುರಿ ಸಂಜೆ ಮನೆಗೆ ಮರಳಲು ಅದು ತಕ್ಕ ಬಾಗಿಲು. ಕುಡಿಯುವ ನೀರಿಗೆ ಪೌಳಿಯಲ್ಲೇ ತೊರೆ. ಹಾಗಾಗಿ ಇದು ಊರೂ ಹೌದು, ದೊಡ್ಡಿಯೂ ಹೌದು.

ಒಂದು ಮನೆಯೊಳಗೆ ಹೋಗೋಣ. ಗ್ರಾನೈಟ್ ಚಪ್ಪಡಿಗಳನ್ನು ಎರಡು ಸುತ್ತಾಗಿ ನಿಲ್ಲಿಸಿ, ನಡುವೆ ಕಲ್ಲುಚೂರು ತುಂಬಿದ್ದಾರೆ. ಒಳಗಿನ ಅಗಲ ಮೂರು ನಾಲ್ಕು ಮೀಟರ್ ಅಷ್ಟೇ. ಬಾಗಿಲ ಮುಂದಿನ ಗೋಡೆ ಮೊಣಕೈಯಂತೆ ಮಡಿಚಿಕೊಂಡಿದೆ, ಗಾಳಿ ನೇರ ಒಲೆಗೆ ಬಡಿಯದಿರಲಿ ಎಂದು. ಕಟ್ಟಿದವರ ಈ ಜಾಣ್ಮೆ ನನಗೆ ಬಹಳ ಇಷ್ಟ.

1894ರಲ್ಲಿ ಸಬೀನ್ ಬೇರಿಂಗ್-ಗೌಲ್ಡ್, ರಾಬರ್ಟ್ ಬರ್ನಾರ್ಡ್ ಮೊದಲಾದವರು ಇಲ್ಲಿ ಉತ್ಖನನ ನಡೆಸಿದರು. ಒಲೆ, ಜಗಲಿ, ಬೂದಿ, ಮಡಕೆ ಚೂರುಗಳು ಸಿಕ್ಕವು. ಜೊತೆಗೆ ಅಡುಗೆಯ ಕಲ್ಲುಗಳೂ ಸಿಕ್ಕವು. ಅವನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ನೀರು ಕುದಿಯುತ್ತಿತ್ತು. ಮಡಕೆಯನ್ನು ಉರಿಯ ಮೇಲಿಟ್ಟು ಒಡೆಯುವ ಭಯವಿಲ್ಲ. ಮೂಳೆಗಳನ್ನು ಮಾತ್ರ ಅಲ್ಲಿನ ಆಮ್ಲ ಮಣ್ಣು ಕರಗಿಸಿಬಿಟ್ಟಿತ್ತು. ಅಗೆದವರು ಕೆಲವು ಗೋಡೆಗಳನ್ನು ಮತ್ತೆ ಎತ್ತಿ ಕಟ್ಟಿದ್ದು ನನಗೆ ಸಂಕಟದ ವಿಷಯ. ಪ್ರಾಚೀನರು ಇಟ್ಟ ಕಲ್ಲು ಯಾವುದು, ಇವರು ಇಟ್ಟದ್ದು ಯಾವುದು ಎಂದು ಬಿಡಿಸಿ ಹೇಳುವುದು ಈಗ ಕಷ್ಟ.

ಇಷ್ಟು ಎತ್ತರದಲ್ಲಿ ಜನ ಯಾಕೆ ನೆಲೆಸಿದರು? ಆಗ ಅಲ್ಲಿ ಬೆಚ್ಚನೆಯ ಹವೆಯಿತ್ತು. ಬರಬರುತ್ತ ಚಳಿ, ತೇವ ಹೆಚ್ಚಿದವು. ಕೊಳೆತ ಸಸ್ಯಗಳ ಕಪ್ಪು ಪದರ, ಪೀಟ್, ನೆಲದ ಮೇಲೆ ಹಬ್ಬಿತು. ಜನ ಜಾಗ ಬಿಟ್ಟರು. ತಗ್ಗಿನ ಹೊಲಗಳಲ್ಲಿ ಇಂಥ ನೆಲೆಗಳೆಷ್ಟೋ ನೇಗಿಲಿಗೆ ಸಿಕ್ಕಿ ಅಳಿದವು. ಮೇಲೆ ಉಳುವವರು ವಿರಳ. ಹಾಗಾಗಿಯೇ ಡಾರ್ಟ್‌ಮೂರ್‌ನಲ್ಲಿ ಇಂದಿಗೂ ಸುಮಾರು 5,000 ದುಂಡುಮನೆಗಳ ಗುರುತು ಕಾಣಸಿಗುತ್ತದೆ.